ಗೀಸರ್ ಬದಲಿಸಲು ಪ್ಲಂಬರ್ ಬೇಕೆ?

ಗೀಸರ್‌ನ ಟ್ಯಾಂಕ್ ತೂತುಬಿದ್ದು ಸೋರತೊಡಗಿದರೆ ಹೊಸದೇ ಗತಿ. ‘ನಾಲ್ಕು ನಟ್ಟು, ಎರಡು ಪೈಪು, ಪ್ಲಂಬರನಿಗೇಕೆ ಕೂಲಿ?’ ಎಂದು ತಾವೇ ಸ್ಪ್ಯಾನರ್ ಹಿಡಿಯುವವರುಂಟು. ಪೈಪು ಜೋಡಿಸುವುದೇನೋ ಬ್ರಹ್ಮವಿದ್ಯೆಯಲ್ಲ. ಅಪಾಯವಿರುವುದು ಬೇರೆ ಎರಡು ಕಡೆ.

ಮೊದಲನೆಯದು ವಿದ್ಯುತ್ತು. 2,000 ವಾಟ್‌ ಗೀಸರ್‌ಗೆ ಎಷ್ಟು ಪ್ರವಾಹ ಬೇಕು? 230 ವೋಲ್ಟ್‌ನಿಂದ ಭಾಗಿಸಿ: ಸುಮಾರು 8.7 ಆಂಪಿಯರ್. 6 ಆಂಪಿಯರ್ ಸಾಕೆಟ್ ಇದನ್ನು ತಾಳದು. 16 ಆಂಪಿಯರ್‌ನದೇ ಬೇಕು. ಪ್ಲಗ್ಗಿನ ದಪ್ಪ ಪಿನ್ನು ಅರ್ಥಿಂಗಿನದು. ಕಾಯಿಲ್ ಒಡೆದು ವಿದ್ಯುತ್ ಲೋಹದ ಭಾಗಗಳಿಗೆ ಹರಿದರೆ ಅದನ್ನು ನೆಲಕ್ಕಿಳಿಸಿ ಫ್ಯೂಸ್ ಹೋಗುವಂತೆ ಮಾಡುವುದು ಈ ತಂತಿಯೇ. ಅದಿಲ್ಲದಿದ್ದರೆ ಸ್ನಾನಕ್ಕೆ ನಿಂತವರ ಒದ್ದೆ ಮೈಯೇ ವಿದ್ಯುತ್ತಿಗೆ ದಾರಿಯಾಗುತ್ತದೆ.

ಎರಡನೆಯದು ಸುರಕ್ಷತಾ ಕವಾಟ. ಕಾದ ನೀರು ಹಿಗ್ಗುತ್ತದೆ. ಹೆಚ್ಚಿದ ಒತ್ತಡವನ್ನು ಕವಾಟ ಹೊರಬಿಡುತ್ತದೆ. ತೊಟ್ಟಿಕ್ಕುತ್ತದೆಂದು ಅದನ್ನು ಮುಚ್ಚಿಬಿಡಬಾರದು. ಮುಚ್ಚಿದ ಮೇಲೆ ಥರ್ಮೋಸ್ಟಾಟ್ ಕೂಡ ಕೈಕೊಟ್ಟರೆ ಟ್ಯಾಂಕ್ ಸಿಡಿಯಬಹುದು.

ಆದ್ದರಿಂದ ಪೈಪು, ಕವಾಟಗಳನ್ನು ಅನುಭವಿ ಪ್ಲಂಬರನಿಗೆ, ಅರ್ಥಿಂಗ್ ಪರೀಕ್ಷೆಯನ್ನು ಎಲೆಕ್ಟ್ರಿಷಿಯನ್‌ಗೆ ಬಿಡುವುದೇ ಲೇಸು. ಮಕ್ಕಳು ಪಕ್ಕದಲ್ಲಿ ನಿಂತು ನೋಡಿ ಕಲಿಯಲಿ. ಮನೆಯವರ ಪಾಲಿಗೂ ಒಂದು ಕೆಲಸವಿದೆ: ಬಿಸಿನೀರಿನ ನಲ್ಲಿ ತೆರೆದು, ನೀರು ಧಾರೆಯಾಗಿ ಬಂದ ಮೇಲಷ್ಟೇ ಸ್ವಿಚ್ ಹಾಕುವುದು. ಖಾಲಿ ಟ್ಯಾಂಕಿನಲ್ಲಿ ಹೊಸ ಕಾಯಿಲೂ ಸುಟ್ಟುಹೋಗುತ್ತದೆ.