ಕಲ್ಲಿನ ಮೇಲೆ ಯಾರ ಹೆಸರು?

ಹರಿಹರದ ಹರಿಹರೇಶ್ವರ ಗುಡಿಯನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ. 1268ರಲ್ಲಿ ಸೋಮ ದಂಡನಾಯಕ ಐದು ನೆಲೆಯ ಗೋಪುರ ಎತ್ತಿಸಿದ. ಇದನ್ನೆಲ್ಲ ಹೇಳುವುದು ಅಲ್ಲಿನ ಶಾಸನಗಳು. ಕಟ್ಟಿಸಿದ ದೊಡ್ಡವರಿಗೆ ಕಲ್ಲಿನಲ್ಲಿ ಜಾಗ ಸಿಗುವುದು ಹಳೆಯ ರೂಢಿ. ಅಮೆರಿಕದ ಅಟ್ಲಾಂಟಾದಲ್ಲಿ ಒಲಿಂಪಿಕ್ಸ್‌ಗೆಂದು ಎದ್ದ ಉದ್ಯಾನದಲ್ಲಿ ಈ ರೂಢಿ ತಿರುವು ಪಡೆದದ್ದನ್ನು ನಮ್ಮ ಸೀಮೆಯವರು ತಿಳಿಯಬೇಕು.

ಲಿಯಾಂಡರ್ ಪೇಸ್ ಕಂಚು ಗೆದ್ದ 1996ರ ಕೂಟ ಅದು. ಸಂಘಟಕರ ಮುಖ್ಯಸ್ಥ ಬಿಲ್ಲಿ ಪೇನ್, ಊರ ನಡುವೆ ಹಾಳುಬಿದ್ದಿದ್ದ ಜಾಗದಲ್ಲಿ ಎಲ್ಲರೂ ಸೇರುವ ಉದ್ಯಾನ ಆಗಬೇಕೆಂದು ಹಟ ಹಿಡಿದರು. ಸುಮಾರು 21 ಎಕರೆ. ಹಣ ಹೊಂದಿಸಿದ್ದು ಬಹುಪಾಲು ದೇಣಿಗೆಯಿಂದ. 35 ಡಾಲರ್ ಕೊಟ್ಟವರು ಬಯಸಿದ ಹೆಸರನ್ನು ಇಟ್ಟಿಗೆಯ ಮೇಲೆ ಕೆತ್ತಿ ನೆಲಕ್ಕೆ ಹಾಸಿದರು. ನಮ್ಮ ಗುಡಿಗಳ ಮೆಟ್ಟಿಲ ಮೇಲೆ ದಾನಿಗಳ ಹೆಸರು ಇರುವಂತೆಯೇ. ಆದರೆ ಇಲ್ಲಿ ಅವು ಲಕ್ಷಾಂತರ.

ಐದು ಉಂಗುರಗಳ ಆಕಾರದ, 251 ಚಿಲುಮೆಗಳ ಕಾರಂಜಿ ಬಂತು. ಒಲಿಂಪಿಕ್ಸ್‌ಗೆ ಮರುಜೀವ ಕೊಟ್ಟ ಕೂಬರ್ತಿನ್‌ಗೆ ಸ್ಮಾರಕ ಎದ್ದಿತು. ಶಿಲ್ಪಿ ಪೀಟರ್ ಕಲಬೊಯಾಸ್ ಕ್ರೀಡಾಪಟುಗಳನ್ನು ಕಂಚಿನಲ್ಲಿ ನಿಲ್ಲಿಸಿದರು.

ಜುಲೈ 27ರಂದು, ನಡುರಾತ್ರಿ ದಾಟಿದ ಮೇಲೆ, ಸಂಗೀತ ಕಛೇರಿ ನಡೆದಿದ್ದಾಗ ಬಾಂಬ್ ಸಿಡಿಯಿತು. ಚೂರುಗಳು ಆ ಕಂಚಿಗೂ ಬಡಿದವು. ಆಲಿಸ್ ಹಾಥಾರ್ನ್ ಎಂಬ ತಾಯಿ ಸತ್ತರು. ಓಡಿ ಬರುತ್ತಿದ್ದ ಟರ್ಕಿಯ ಕ್ಯಾಮೆರಾಮನ್ ಒಬ್ಬರು ಹೃದಯಾಘಾತದಿಂದ ತೀರಿಕೊಂಡರು. ಗಾಯಗೊಂಡವರು 111. ಮೂರೇ ದಿನಕ್ಕೆ ಉದ್ಯಾನ ಮತ್ತೆ ತೆರೆಯಿತು. ಆಮೇಲೆ ಅಲ್ಲಿ ಬಂದ ಸ್ಮಾರಕದಲ್ಲಿ ಗಾಯಾಳುಗಳ ಲೆಕ್ಕಕ್ಕೆ ಲೋಕದ ನಾನಾ ಕಡೆಯ 111 ಕಲ್ಲುಗಳಿವೆ, ಆಲಿಸ್ ನೆನಪಿಗೆ ಆರದ ದೀಪವಿದೆ. ಕಾದಿ ಬಿದ್ದವನಿಗೆ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು, 1942ರ ಗೋಲಿಬಾರಿನಲ್ಲಿ ಮಡಿದವರ ಸ್ಮಾರಕ ದಾವಣಗೆರೆಯಲ್ಲೂ ಇದೆ. ಹಾಡು ಕೇಳಲು ಬಂದು ಗಾಯಗೊಂಡವರಿಗೂ ಒಬ್ಬೊಬ್ಬರಿಗೆ ಒಂದೊಂದು ಕಲ್ಲು ಎಣಿಸಿ ಇಟ್ಟದ್ದು ನನ್ನ ಮನಸ್ಸನ್ನು ಹಿಡಿದಿದೆ.

ಇನ್ನೊಂದು ಹೆಸರು ಮಾತ್ರ ಬಹಳ ತಡವಾಯಿತು. ಬಾಂಬ್ ಇದ್ದ ಚೀಲವನ್ನು ಮೊದಲು ಗಮನಿಸಿ ಜನರನ್ನು ದೂರ ಸರಿಸಿದವರು ಕಾವಲುಗಾರ ರಿಚರ್ಡ್ ಜುವೆಲ್. ಕೆಲವೇ ದಿನಗಳಲ್ಲಿ ಪತ್ರಿಕೆ, ಟೀವಿಗಳು ಅವರನ್ನೇ ಶಂಕಿತರೆಂದು ಸಾರಿದವು. ಅಕ್ಟೋಬರಿನಲ್ಲಿ ಅವರು ನಿರಪರಾಧಿ ಎಂದಾಯಿತು. 2005ರಲ್ಲಿ ಎರಿಕ್ ರುಡಾಲ್ಫ್ ಎಂಬವನು ತಪ್ಪೊಪ್ಪಿಕೊಂಡ. ಜುವೆಲ್ 2007ರಲ್ಲಿ, 44ರ ವಯಸ್ಸಿಗೇ ತೀರಿಕೊಂಡರು. ಹತ್ತಾರು ಜೀವ ಉಳಿಸಿದ ಅವರ ಹೆಸರಿನ ಫಲಕ ಆ ಉದ್ಯಾನಕ್ಕೆ ಬಂದದ್ದು 2021ರಲ್ಲಿ. 35 ಡಾಲರ್ ಕೊಟ್ಟವರ ಹೆಸರು ಅಷ್ಟರಲ್ಲಿ 25 ವರ್ಷ ಅಲ್ಲಿ ಇತ್ತು.