ಜನವರಿ 26: ಮೈಸೂರು ಸೀಮೆಗೆ ಬಂದ ಗಣರಾಜ್ಯ

ಭಾರತದ ಸಂವಿಧಾನವು 1950ರ ಜನವರಿ 26ರಂದು ಜಾರಿಗೆ ಬಂದುದರ ನೆನಪಿಗಾಗಿ ಆಚರಿಸಲಾಗುವ ರಾಷ್ಟ್ರೀಯ ಹಬ್ಬವೇ ಗಣರಾಜ್ಯೋತ್ಸವ. ವಂಶಪಾರಂಪರ್ಯದ ಅರಸನಿಲ್ಲದೆ, ಜನರು ಅಥವಾ ಅವರ ಪ್ರತಿನಿಧಿಗಳು ಆರಿಸಿದವರೇ ರಾಷ್ಟ್ರದ ಮುಖ್ಯಸ್ಥರಾಗುವ ವ್ಯವಸ್ಥೆಗೆ ಗಣರಾಜ್ಯವೆಂದು ಹೆಸರು. ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡ ಸೀಮೆಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದುದರಿಂದ, ಅರಸೊತ್ತಿಗೆಯ ಪ್ರಜೆಗಳಾಗಿದ್ದ ಇಲ್ಲಿನ ಜನರು ಗಣರಾಜ್ಯದ ಪೌರರಾದದ್ದು ಈ ದಿನದಂದೇ.

ದಿನಾಂಕದ ಆಯ್ಕೆಯ ಹಿಂದೆಯೂ ಇತಿಹಾಸವಿದೆ. 1929ರ ಡಿಸೆಂಬರ್‌ನಲ್ಲಿ ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯ, ಅಂದರೆ ಬ್ರಿಟಿಷರ ಅಧೀನತೆಯಿಲ್ಲದ ಸಂಪೂರ್ಣ ಸ್ವಾತಂತ್ರ್ಯವೇ ತನ್ನ ಗುರಿಯೆಂದು ಸಾರಿತು. ಅದರಂತೆ 1930ರ ಜನವರಿ 26ರಂದು ದೇಶದಾದ್ಯಂತ ಸ್ವಾತಂತ್ರ್ಯದ ಪ್ರತಿಜ್ಞೆ ಸ್ವೀಕರಿಸಲಾಯಿತು. ಸಂವಿಧಾನ ಸಭೆಯು 1949ರ ನವೆಂಬರ್ 26ರಂದೇ ಸಂವಿಧಾನವನ್ನು ಅಂಗೀಕರಿಸಿ, ಪೌರತ್ವವೇ ಮೊದಲಾದ ಕೆಲವು ವಿಧಿಗಳನ್ನು ಅಂದೇ ಜಾರಿಗೊಳಿಸಿದರೂ, ಉಳಿದವುಗಳ ಜಾರಿಗೆ ಆ ಪ್ರತಿಜ್ಞೆಯ ದಿನವನ್ನೇ ಕಾಯಲಾಯಿತು.

ಮೈಸೂರು ಸಂಸ್ಥಾನದಲ್ಲಿ ಗಣರಾಜ್ಯದತ್ತ ಸಾಗಿದ ಹಾದಿ ಸುಗಮವಾಗಿರಲಿಲ್ಲ. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಗಿದ್ದರೂ ಅದಕ್ಕಿದ್ದುದು ಸಲಹೆ ನೀಡುವ ಅಧಿಕಾರ ಮಾತ್ರ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಬಾರದೆಂಬ ನಿಷೇಧಾಜ್ಞೆಯನ್ನು ಮೀರಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು, ಮಧುಗಿರಿ ಮತ್ತು ಕೊರಟಗೆರೆ ತಾಲ್ಲೂಕುಗಳಿಗೆ ಹೊಂದಿಕೊಂಡಿರುವ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಾರೋಹಣಕ್ಕೆಂದು ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರಿಂದ ಅನೇಕರು ಪ್ರಾಣ ತೆತ್ತರು. ಆ ಬಳಿಕ ಸರ್ದಾರ್ ಪಟೇಲರು ಹಾಗೂ ದಿವಾನ್ ಮಿರ್ಜಾ ಇಸ್ಮಾಯಿಲರ ನಡುವೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ದೊರೆಯಿತು.

1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾಗಿ ಮೈಸೂರು ಭಾರತ ಒಕ್ಕೂಟವನ್ನು ಸೇರಿದರೂ, ಶಾಸನಸಭೆಗೆ ಉತ್ತರದಾಯಿಯಾದ ಮಂತ್ರಿಮಂಡಲ, ಅಂದರೆ ಜವಾಬ್ದಾರಿ ಸರ್ಕಾರ, ಇನ್ನೂ ರಚನೆಯಾಗಿರಲಿಲ್ಲ. ಅದಕ್ಕಾಗಿ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಗಿ, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಅಧಿಕಾರಕ್ಕೆ ಬಂದಿತು. 1949ರ ನವೆಂಬರ್ 25ರಂದು ಮಹಾರಾಜ ಜಯಚಾಮರಾಜ ಒಡೆಯರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೆಂದು ಘೋಷಿಸಿದ್ದರಿಂದ, ಎರಡು ತಿಂಗಳ ಬಳಿಕ ಅವರು ಅರಸರಾಗಿ ಉಳಿಯದೆ, ರಾಜಪ್ರಮುಖರು, ಅಂದರೆ ಸಂವಿಧಾನಕ್ಕೆ ಬದ್ಧರಾದ ರಾಜ್ಯದ ಮುಖ್ಯಸ್ಥರು, ಆದರು.

ಈ ಬದಲಾವಣೆಯ ತಿರುಳು ಮತದಾನದ ಹಕ್ಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಂಸ್ಥಾನದ ಕಾಲದಲ್ಲಿ ಆಸ್ತಿ, ಕಂದಾಯ, ವಿದ್ಯಾರ್ಹತೆಗಳುಳ್ಳ ಕೆಲವರಿಗಷ್ಟೇ ಇದ್ದ ಮತವನ್ನು ಸಂವಿಧಾನದ 326ನೇ ವಿಧಿಯು ವಯಸ್ಕರೆಲ್ಲರಿಗೂ ನೀಡಿತು. ಹೊಲದೊಡೆಯನ ಮತಕ್ಕಿರುವ ಬೆಲೆಯೇ ಆ ಹೊಲದಲ್ಲಿ ಕೂಲಿ ಮಾಡುವ ಹೆಣ್ಣುಮಗಳ ಮತಕ್ಕೂ ಬಂದಿತು. ಶತಮಾನಗಳ ಕಾಲ ಊರ ಹೊರಗೆ ಇರಿಸಲ್ಪಟ್ಟಿದ್ದ ಸಮುದಾಯಗಳಿಗೆ 332ನೇ ವಿಧಿಯು ವಿಧಾನಸಭೆಯಲ್ಲಿ ಮೀಸಲು ಸ್ಥಾನಗಳನ್ನು ಕೊಟ್ಟಿದ್ದು, ಇಂದು ಕೊರಟಗೆರೆ ಮತ್ತು ಪಾವಗಡ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳಾಗಿವೆ. ಧ್ವಜವಂದನೆ ಮತ್ತು ಪಥಸಂಚಲನಗಳು ಹಬ್ಬದ ಹೊರರೂಪವಾದರೆ, ಯಾರ ಅನುಗ್ರಹದಿಂದಲೂ ಅಲ್ಲದೆ ಹಕ್ಕಿನ ಬಲದಿಂದಲೇ ಸರ್ಕಾರವನ್ನು ಪ್ರಶ್ನಿಸಬಲ್ಲ ಪೌರನೇ ಗಣರಾಜ್ಯೋತ್ಸವದ ನಿಜವಾದ ಅರ್ಥ.