ವಾದ್ಯಕ್ಕೂ ಧ್ವನಿವರ್ಧಕಕ್ಕೂ ನಡುವೆ ಒಂದು ಪೆಟ್ಟಿಗೆ

ಭಾರತ ಹುಣ್ಣಿಮೆಯ ಹೊತ್ತಿಗೆ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ ಕೂಡುತ್ತದೆ. ನಿಪ್ಪಾಣಿ, ಚಿಕ್ಕೋಡಿಗಳ ಕಡೆ ಮೆರವಣಿಗೆ ಹೊರಟಿತೆಂದರೆ ಬೆಂಜೋ ಮೇಳದ ದನಿ ಕೇಳುವುದುಂಟು. ಅಥಣಿಯ ಸುತ್ತಿನ ಮಠಗಳಲ್ಲಿ ಭಜನೆ ನಡೆಯುತ್ತದೆ. ಕಾಗವಾಡದ ಗಡಿಯಾಚೆಗೆ ಸಿತಾರ್, ತಂಬೂರಿಗಳ ತಯಾರಿಕೆಗೆ ಹೆಸರಾಗಿ, ಅದಕ್ಕಾಗಿ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಮಿರಜ ಪಟ್ಟಣವಿದೆ. ಇಂದು ಇಂಥ ವಾದ್ಯಗಳೊಡನೆ ಧ್ವನಿವರ್ಧಕವೂ ವೇದಿಕೆಯೇರಿದೆ. ಆದರೆ ಮನೆಯಲ್ಲಿ ಇಂಪಾಗಿ ನುಡಿದ ವಾದ್ಯವೇ ವೇದಿಕೆಯಲ್ಲಿ ಮಂಕಾಗುವುದೇಕೆ? ಗುಂಯ್ ಎಂಬ ಸದ್ದು ಬೆನ್ನು ಹತ್ತುವುದೇಕೆ? ಇದನ್ನು ವಿಚಾರಿಸೋಣ.

ಬೆಂಜೋವನ್ನೇ ತೆಗೆದುಕೊಳ್ಳೋಣ. ಗುಂಡಿಗಳನ್ನೊತ್ತಿ ನುಡಿಸುವ ಈ ತಂತಿವಾದ್ಯದ ಮೂಲ 1912ರಲ್ಲಿ ಜಪಾನಿನ ನಗೋಯಾ ನಗರದಲ್ಲಿ ರಚಿತವಾದ ತೈಶೋಗೋಟೊ. ವಿದ್ಯುತ್ ಬೆಂಜೋದಲ್ಲಿ ತಂತಿಗಳ ಕೆಳಗೆ ಒಂದು ಅಯಸ್ಕಾಂತವಿದ್ದು, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದೇ ಪಿಕಪ್. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರವು ಹೆಚ್ಚುಕಡಿಮೆಯಾಗಿ, 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಹಾಗೆ ಹುಟ್ಟಿದ ವಿದ್ಯುತ್ತು ಸುರುಳಿಯನ್ನು ದಾಟಿಯೇ ಹೊರಬರಬೇಕಷ್ಟೆ. ಅಲ್ಲಿ ಅದಕ್ಕೊದಗುವ ಒಟ್ಟು ತಡೆಯನ್ನು ಪ್ರತಿಬಾಧೆ ಅಥವಾ ಇಂಪೀಡೆನ್ಸ್ ಎನ್ನುವರು. ಇಂಥ ಪಿಕಪ್ಪಿನಲ್ಲಿ ಅದು 10,000 ಓಮ್‌ಗಳ ಆಸುಪಾಸಿನಲ್ಲಿದ್ದು, ಸ್ವರ ಏರಿದಂತೆಲ್ಲ ತಾನೂ ಏರುತ್ತದೆ.

ಸಣ್ಣ ಒರತೆಯ ಬಾವಿಯನ್ನು ವಾಚಕರು ಕಂಡಿರಬಹುದು. ಬಿಂದಿಗೆಯಲ್ಲಿ ಸೇದಿದರೆ ನೀರಿನ ಮಟ್ಟ ಕದಲುವುದಿಲ್ಲ. ಕಬ್ಬಿನ ಗದ್ದೆಗೆಂದು ದೊಡ್ಡ ಪಂಪು ಹೂಡಿದರೆ ಮಟ್ಟ ಕುಸಿಯುತ್ತದೆ. ಪಿಕಪ್ಪು ಅಂಥ ಬಾವಿ. ಮಿಕ್ಸರಿನಲ್ಲಿ ಮೈಕಿಗೆಂದು ಇಟ್ಟಿರುವ ದ್ವಾರದ ಪ್ರತಿಬಾಧೆ ಸುಮಾರು 2,000 ಓಮ್ ಮಾತ್ರ. ಅದೇ ದೊಡ್ಡ ಪಂಪು. 10,000 ಓಮ್‌ಗಳ ಮೂಲವನ್ನು ಅದಕ್ಕೆ ನೇರವಾಗಿ ಜೋಡಿಸಿದರೆ ಹುಟ್ಟಿದ ವೋಲ್ಟೇಜಿನ ಆರರಲ್ಲೊಂದು ಪಾಲು ಮಾತ್ರ ಒಳಗೆ ಸೇರುತ್ತದೆ. ತಾರಸ್ವರಗಳ ಪಾಲು ಇನ್ನೂ ಕಡಿಮೆ. ಆದುದರಿಂದಲೇ ನಾದ ಮಂಕಾಗುವುದು.

ಸಿತಾರ್, ತಂಬೂರಿಗಳ ಮೈಗೆ ಅಂಟಿಸುವ ಪೀಜೋ ಸ್ಫಟಿಕದ ಪಿಕಪ್ಪಿನಲ್ಲಿ ಕೇಡು ತದ್ವಿರುದ್ಧವಾದುದು. ಅದು ವಿದ್ಯುತ್ ಧಾರಕದಂತೆ ವರ್ತಿಸುವುದರಿಂದ ಇಲ್ಲಿ ನಶಿಸುವುದು ಮಂದ್ರ. ಧಾರಕತೆ 1,000 ಪಿಕೋಫ್ಯಾರಡ್ ಇದ್ದು, ದ್ವಾರವು 10 ಲಕ್ಷ ಓಮ್‌ಗಳದಾದರೆ, ಸೆಕೆಂಡಿಗೆ 160 ಕಂಪನಗಳಿಗಿಂತ ಕೆಳಗಿನ ನಾದ ಕ್ಷೀಣಿಸತೊಡಗುತ್ತದೆ; 1 ಕೋಟಿ ಓಮ್‌ಗಳದಾದರೆ 16ರವರೆಗೂ ಬಾಧೆಯಿಲ್ಲ.

ಈ ತೊಡಕಿಗೆ ಪರಿಹಾರವೇ ಡೈರೆಕ್ಟ್ ಬಾಕ್ಸ್, ಅಂದರೆ ಡಿ.ಐ. ಪೆಟ್ಟಿಗೆ. ಸರಳವಾದ ಪೆಟ್ಟಿಗೆಯೊಳಗೆ ಇರುವುದು ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಅದರ ಎರಡು ಸುರುಳಿಗಳ ಸುತ್ತುಗಳು 12ಕ್ಕೆ 1ರಂತೆ ಇದ್ದರೆ ಪ್ರತಿಬಾಧೆ ಆ ಸಂಖ್ಯೆಯ ವರ್ಗದಷ್ಟು, ಎಂದರೆ 144 ಪಟ್ಟು, ಬದಲಾಗುತ್ತದೆ. ಮಿಕ್ಸರಿನ 2,000 ಓಮ್ ವಾದ್ಯದ ಕಡೆಯಿಂದ 2,88,000 ಓಮ್‌ಗಳಾಗಿ ಕಾಣುತ್ತದೆ. ವಾದ್ಯದ 10,000 ಓಮ್ ಮಿಕ್ಸರಿಗೆ ಸುಮಾರು 70 ಓಮ್‌ಗಳಾಗಿ ಕಾಣುತ್ತದೆ. ಬಾವಿಯ ಮಟ್ಟ ಕುಸಿಯದು. ವೋಲ್ಟೇಜು ಹನ್ನೆರಡರಲ್ಲೊಂದಕ್ಕೆ ಇಳಿಯುವುದು ನಿಜ. ಆದರೆ ಮೈಕಿನ ದ್ವಾರವು ಅಂಥ ಕಿರುದನಿಯನ್ನೇ ಹಿಗ್ಗಿಸಲು ರಚಿತವಾದುದು. ಸ್ಫಟಿಕದ ಪಿಕಪ್ಪಿಗಾದರೋ ಟ್ರಾನ್ಸಿಸ್ಟರುಗಳುಳ್ಳ ಸಕ್ರಿಯ ಪೆಟ್ಟಿಗೆಯೇ ಲೇಸು. ಅದಕ್ಕೆ ಬೇಕಾದ ವಿದ್ಯುತ್ತು ಬ್ಯಾಟರಿಯಿಂದಲೋ, ಮಿಕ್ಸರಿನ 48 ವೋಲ್ಟಿನಿಂದಲೋ ಒದಗುತ್ತದೆ.

ಹೊಂದಾಣಿಕೆಯೆಂದರೆ ಎರಡು ಪ್ರತಿಬಾಧೆಗಳೂ ಸಮನಾಗಿರಬೇಕೆಂದು ಹಲವರು ತಿಳಿದಿದ್ದಾರೆ. ಶಕ್ತಿಯನ್ನು ಗರಿಷ್ಠವಾಗಿ ಸಾಗಿಸಬೇಕಾದೆಡೆ ಅದು ಸರಿ. ಹಿಂದೆ ಟೆಲಿಫೋನ್ ತಂತಿಗಳಲ್ಲಿ ಎರಡು ಕೊನೆಗಳಿಗೂ 600 ಓಮ್ ಇಡುತ್ತಿದ್ದುದು ಅದಕ್ಕಾಗಿಯೇ. ವಾದ್ಯದಿಂದ ನಮಗೆ ಬೇಕಾದುದು ಶಕ್ತಿಯಲ್ಲ, ವೋಲ್ಟೇಜು. ಆದುದರಿಂದ ಮೂಲಕ್ಕಿಂತ ದ್ವಾರದ ಪ್ರತಿಬಾಧೆ ಹತ್ತು ಪಟ್ಟಾದರೂ ಹೆಚ್ಚಿರಬೇಕು.

ಪೆಟ್ಟಿಗೆಯ ಇನ್ನೊಂದು ಉಪಕಾರವೆಂದರೆ ನಾದವನ್ನು ಎರಡು ತಂತಿಗಳಲ್ಲಿ ಪರಸ್ಪರ ವಿರುದ್ಧ ರೂಪದಲ್ಲಿ ಕಳುಹಿಸುವುದು. ದಾರಿಯಲ್ಲಿ ಅಂಟುವ ಗದ್ದಲ ಎರಡರಲ್ಲಿಯೂ ಒಂದೇ ರೂಪದ್ದು. ಮಿಕ್ಸರು ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ನಾದ ಉಳಿಯುತ್ತದೆ. ಜಾತ್ರೆಯ ಬಯಲಿನಲ್ಲಿ 50 ಮೀಟರ್ ಕೇಬಲ್ ಎಳೆದರೂ ಭಯವಿಲ್ಲ.

ಗುಂಯ್‌ಗುಡುವ ಸದ್ದಿಗೆ ಬಹುವಾಗಿ ಕಾರಣ, ವಾದ್ಯದ ಆಂಪ್ಲಿಫೈಯರೂ ಮಿಕ್ಸರೂ ಬೇರೆಬೇರೆ ಕಡೆಗಳಲ್ಲಿ ಭೂಸಂಪರ್ಕ ಪಡೆದು, ನಡುವಿನ ಕೇಬಲಿನಲ್ಲಿ 50 ಆವರ್ತಗಳ ಪ್ರವಾಹ ಸುತ್ತುವುದು. ಕೆಲವರು ಇದನ್ನು ನಿಲ್ಲಿಸಲು ಪ್ಲಗ್ಗಿನ ಮೂರನೆಯ ಕಡ್ಡಿಯನ್ನೇ ಮುರಿಯುತ್ತಾರೆ. ಇದು ಪ್ರಾಣಕ್ಕೆ ಎರವಾದೀತು. ಆಂಪ್ಲಿಫೈಯರಿನ ಒಳಗೆ ದೋಷ ತಲೆದೋರಿದರೆ 230 ವೋಲ್ಟು ಅದರ ಲೋಹದ ಮೈಗೂ, ಕೇಬಲಿನ ಮೂಲಕ ಬೆಂಜೋದ ತಂತಿಗಳಿಗೂ, ಕಲಾವಿದನ ಬೆರಳುಗಳಿಗೂ ಹರಿಯಬಹುದು. ಅದನ್ನು ನೆಲಕ್ಕಿಳಿಸಿ ಫ್ಯೂಸು ಹಾರಿಸುವುದೇ ಆ ಮೂರನೆಯ ಕಡ್ಡಿಯ ಕೆಲಸ. ಡಿ.ಐ. ಪೆಟ್ಟಿಗೆಯ ಮೇಲೆ ಕೇಬಲಿನ ಭೂಸಂಪರ್ಕವನ್ನಷ್ಟೇ ಬಿಡಿಸುವ ಗುಂಡಿಯಿರುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ನಾದವು ಕಾಂತಕ್ಷೇತ್ರದ ಮೂಲಕ ದಾಟುವುದರಿಂದ ಆ ಸಂಪರ್ಕವಿಲ್ಲದಿದ್ದರೂ ಅದಕ್ಕೆ ಭಂಗವಿಲ್ಲ. ಸದ್ದು ನಿಲ್ಲಿಸಲು ಆ ಗುಂಡಿಯನ್ನು ಬಳಸಬೇಕು. ಪ್ಲಗ್ಗಿನ ಕಡ್ಡಿಯನ್ನು ಎಂದಿಗೂ ಮುಟ್ಟಬಾರದು.